ವೈನಿ ತೆಗೆದ ಬಾಗುಲಬುವಾ

ಹೋದ ತಿಂಗಳು ನಾನೊಂದು ಸುಳ್ಳು ಹೇಳಿದೆ. ಒಂದೇ ಶಬ್ದದ ಸುಳ್ಳು. ಅದೂ ಒಬ್ಬ ರಾಕ್ಷಸನ ಸಲುವಾಗಿ.

ನಗಬೇಡಿ, ಪೂರ್ತಿ ಕೇಳಿ.

ನಿಪ್ಪಾಣಿ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಅಣ್ಣ ಬಾಳಾಸಾಹೇಬನ ವಿಡಿಯೋ ಗೇಮ್ ಅಂಗಡಿ ಇದೆ. ನಾಲ್ಕು ಟೀವಿ, ಹರಿದ ಸೋಫಾ, ಸಾಲೆ ಬಿಟ್ಟ ಮೇಲೆ ಕಾಲಿಡಲು ಜಾಗವಿಲ್ಲ. ಅಲ್ಲಿ ಎಲ್ಲರೂ ಮುಗಿಬೀಳುವ ಆಟ ಒಂದೇ. ಒಬ್ಬ ರಾಜಕುಮಾರ ಖಡ್ಗ ಹಿಡಿದು ಕಾಡು ದಾಟಿ, ಗವಿ ಹೊಕ್ಕು, ಕಡೆಗೆ ಒಬ್ಬ ರಾಕ್ಷಸನನ್ನು ಕೊಲ್ಲಬೇಕು. ಆಟದ ಹೆಸರು ಜಪಾನಿ ಅಕ್ಷರದಲ್ಲಿದೆ. ಓದುವವರು ಯಾರು? ಹುಡುಗರು ರಾಕ್ಷಸನಿಗೆ ತಾವೇ ಹೆಸರಿಟ್ಟರು: ಬಾಗುಲಬುವಾ. ನಮ್ಮ ಕಡೆ ಮರಾಠಿ ತಾಯಂದಿರು ಉಣ್ಣದ ಮಕ್ಕಳಿಗೆ ತೋರಿಸುವ ಗುಮ್ಮ.

ಈ ವರ್ಷ ಕೊಲ್ಲಾಪುರದಿಂದ ಅದೇ ಆಟದ ಹೊಸ ಕ್ಯಾಸೆಟ್ ಬಂತು. ಅದರಲ್ಲಿ ಬಾಗುಲಬುವಾನ ರೂಪವೇ ಬೇರೆ. ಹಳೆಯದು ಹಸಿರು ಇಟ್ಟಂಗಿಗಳ ಗುಡ್ಡೆಯಂತಿತ್ತು, ಎರಡು ಕೆಂಪು ಚುಕ್ಕೆ ಇಟ್ಟರೆ ಅದೇ ಕಣ್ಣು. ಹೊಸದಕ್ಕೆ ಕೊಂಬು, ರೆಕ್ಕೆ, ಮೈಗೆ ಮೀನಿನಂಥ ಹುರುಪೆ, ಬಾಯಿ ತುಂಬ ಹಲ್ಲು, ಬಾಯಿಂದ ಬೆಂಕಿ. ಕಾಲೇಜು ಹುಡುಗರು ಹಳೆಯದೇ ಖರೆ ಅಂದರು. ಸಣ್ಣವರು ಹೊಸದೇ ಭಾರಿ ಅಂದರು. ದಿನಾ ಜಗಳ.

ಎದುರಿಗೆ ಇನ್ನೊಂದು ಗೇಮ್ ಅಂಗಡಿ ಬೇರೆ ತೆರೆದಿತ್ತು. ಅಣ್ಣ ನನ್ನನ್ನು ಕರೆದು ಹೊರಗಿನ ಗೋಡೆ ತೋರಿಸಿದ.

"ನಂದಾ, ಹಳೇದು ಹೊಸಾದು ಎರಡೂ ಕೂಡಿಸಿ ಇಲ್ಲೊಂದು ಬಾಗುಲಬುವಾನ ಚಿತ್ರ ತಗಿ. ಎರಡೂ ಪಾರ್ಟಿ ಹುಡುಗೂರು ನಮ್ಮ ಕಡೇನ ಬರಬೇಕು."

ನನ್ನನ್ನು ಬಿಟ್ಟು ಇನ್ಯಾರನ್ನು ಕೇಳಬೇಕು? ಚಿಕ್ಕೋಡಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ನಾನು. ಈ ಮನೆಯಲ್ಲಿ ಬ್ರಷ್ ಅಂದರೆ ನಾನೇ. (ಹಲ್ಲಿನ ಬ್ರಷ್ ಬಿಟ್ಟು.)

ಮೂರು ರವಿವಾರ ಕೂತೆ. ಎರಡೂ ಕ್ಯಾಸೆಟ್ ಹಾಕಿಸಿ, ಟೀವಿ ಮುಂದೆ ಕಾಗದ ಹಿಡಿದು ಅಳತೆ ತೆಗೆದುಕೊಂಡೆ. ಗೋಡೆಗೆ ಚೌಕ ಹಾಕಿದೆ. ಹಳೆಯದರ ಮೈ, ಹೊಸದರ ಕೊಂಬು. ಹಳೆಯದರ ಕಣ್ಣು, ಹೊಸದರ ಹಲ್ಲು. ರೆಕ್ಕೆಗೆ ನೆರಳು ಕೊಟ್ಟೆ. ಡ್ರಾಯಿಂಗ್ ಪುಸ್ತಕದಲ್ಲಿ ಹೇಳಿದ ಹಾಗೆ, ಒಂದು ಗೆರೆ ತಪ್ಪಿಲ್ಲ.

ಆರನೇತ್ತೆ ಕಲಿಯುವ ಹುಡುಗಿಯೊಬ್ಬಳು ಬಂದು ಬಹಳ ಹೊತ್ತು ನೋಡಿದಳು.

"ಟೀಚರ್, ಎಮ್ಮಿಗೆ ರೆಕ್ಕಿ ಯಾಕ ಹಚ್ಚೀರಿ?"

ಹಿಂದಿದ್ದ ಅಷ್ಟೂ ಹುಡುಗರು ಹೋ ಅಂತ ನಕ್ಕರು. ಅಣ್ಣನೂ ನಕ್ಕ. ನಾನು ಬ್ರಷ್ ತೊಳೆಯುವ ನೆಪದಲ್ಲಿ ನಲ್ಲಿಯ ಕಡೆ ಹೋದೆ.

ಆಗ ಬಾಯಿ ಬಿಟ್ಟವಳು ನಮ್ಮ ಸುಮನ್ ವೈನಿ. ಅಣ್ಣನ ಹೆಂಡತಿ, ಬೇಡಕಿಹಾಳದ ಹೆಣ್ಣುಮಗಳು, ಏಳನೇತ್ತೆಗೆ ಸಾಲೆ ಬಿಟ್ಟವಳು. ಮಧ್ಯಾಹ್ನ ಅಣ್ಣ ಊಟ ಮಾಡಿ ಅಡ್ಡಾಗುವಾಗ ಅಂಗಡಿಯಲ್ಲಿ ಕೂಡುವವಳು ಅವಳೇ.

"ನಂದಾ, ಹಳೇದಕ್ಕ ಹಲ್ಲ ಇರಲಿಲ್ಲ, ಕೊಂಬ ಇರಲಿಲ್ಲ. ಆದರೂ ಹುಡುಗೂರು ಅದಕ್ಕ ಯಾಕ ಅಂಜತಿದ್ರು, ಗೊತ್ತೇನ?"

"ಯಾಕ್ರಿ ವೈನಿ?"

"ಅದು ಜಿಗಿಯೂಕಿಂತ ಮೊದಲ ಒಂದ ಗಳಿಗಿ ಸುಮ್ಮ ಕೂಡತಿತ್ತು. ಈಗ ಜಿಗೀತೈತಿ, ಈಗ ಜಿಗೀತೈತಿ ಅಂತ ನಮ್ಮ ಜೀವ ಹೋಗತಿತ್ತು. ಹೊಸಾದು ಬಂದ ಕೂಡಲೇ ಒದರತೈತಿ. ಒದರೂದಕ್ಕ ಯಾರ ಅಂಜತಾರ? ಹೊಸಾದರ ಮೈ ಇರ್ಲಿ, ಹಳೇದರಂಗ ಕುಂದರಸು. ರೆಕ್ಕಿ ಮಡಚು. ಬಾಯಿ ಮುಚ್ಚಸು."

"ನಿಮಗ ಹೆಂಗ ಗೊತ್ತು ಇದೆಲ್ಲ?"

ವೈನಿ ಸೆರಗು ಬಾಯಿಗೆ ಹಿಡಿದು ನಕ್ಕಳು. "ಹುಡುಗೂರು ಸಾಲಿಗೆ ಹೋದಾಗ ಅದನ್ನ ಕೊಂದ ಕೊಂದ ನನ್ನ ಹೆಬ್ಬಟ್ಟು ಜಡ್ಡ ಬಿದ್ದೈತಿ. ನಾ ಒಂದ ಸಲ ಕೈ ಆಡಸ್ಲಿ?"

"ಆಡಸ್ರಿ," ಅಂದೆ. ದೊಡ್ಡ ಮನಸ್ಸು ಅಂದುಕೊಳ್ಳಬೇಡಿ. ಕೆಡಲಿ ಅಂತಲೇ ಅಂದೆ. ಅವಳದೂ ಕೆಟ್ಟರೆ ನನ್ನ ಎಮ್ಮೆ ಮರೆತುಹೋಗುತ್ತದಲ್ಲ?

ಮರುದಿನ ಸಂಜೆ ಚಿಕ್ಕೋಡಿಯಿಂದ ಬಸ್ಸಿಳಿದು ಬಂದರೆ ಅಂಗಡಿಯ ಮುಂದೆ ಗುಂಪು. ಯಾರೂ ನಗುತ್ತಿಲ್ಲ. ಎಲ್ಲರೂ ಗೋಡೆಯಿಂದ ಎರಡು ಹೆಜ್ಜೆ ಹಿಂದೆ ನಿಂತಿದ್ದರು.

ವೈನಿ ನನ್ನದಕ್ಕೆ ಸುಣ್ಣ ಬಳಿದು, ಇದ್ದಲಿಯಿಂದ ಗೆರೆ ಎಳೆದು, ಉಳಿದ ಬಣ್ಣದಲ್ಲೇ ಮುಗಿಸಿದ್ದಳು. ಕತ್ತಲ ಗವಿಯ ಬಾಯಲ್ಲಿ ಅದು ಕೂತಿತ್ತು. ಕೊಂಬು, ಹುರುಪೆ ಹೊಸದರವು. ರೆಕ್ಕೆ ಬೆನ್ನಿಗೆ ಅಂಟಿಸಿಕೊಂಡಿತ್ತು. ಬಾಯಿ ಮುಚ್ಚಿತ್ತು. ಕಣ್ಣು ಮಾತ್ರ ಹಳೆಯದರ ಆ ಎರಡು ಕೆಂಪು ಚುಕ್ಕೆ. ನೆರಳಿಲ್ಲ, ಅಳತೆಯಿಲ್ಲ. ನಾನೂ ಒಂದು ಹೆಜ್ಜೆ ಹಿಂದೆ ಸರಿದೆ.

"ಇದ ನೋಡ್ರಿ ಬಾಗುಲಬುವಾ!" ಅಂದ ಒಬ್ಬ ಕಾಲೇಜು ಹುಡುಗ. ಪಕ್ಕದ ಸಣ್ಣವನೂ ಹೂಂ ಅಂದ. ಎರಡೂ ಪಾರ್ಟಿ ಒಂದಾಗಿತ್ತು.

ನಾನು ಹೇಳಬೇಕಾದದ್ದು "ಚೊಲೋ ಆಗೇತಿ ವೈನಿ". ಎರಡು ಸೆಕೆಂಡಿನ ಕೆಲಸ. ನಾನು ಹೇಳಿದ್ದೇನು?

"ಎಡಗಾಲು ಸ್ವಲ್ಪ ಗಿಡ್ಡ ಆತಲ್ರಿ."

"ಹೌದು, ಮಡಚೇತಿ. ಜಿಗಿಯೂ ಕಾಲಲ್ಲ ಅದು?"

ಅದೂ ಸರಿಯೇ ಇತ್ತು! ಹೊಟ್ಟೆಕಿಚ್ಚು ಅನ್ನುವುದನ್ನು ಬರೀ ಮಾತಿನಲ್ಲಿ ಕೇಳಿದ್ದ ನನಗೆ ಅದು ಖರೇನೇ ಹೊಟ್ಟೆಯಲ್ಲಿ ಉರಿಯುತ್ತದೆ ಅಂತ ಆವತ್ತು ತಿಳಿಯಿತು. ಲೋವರ್, ಹೈಯರ್ ಡ್ರಾಯಿಂಗ್ ಪರೀಕ್ಷೆ ನಾನು ಪಾಸಾದದ್ದು. ಡಿಪ್ಲೊಮಾ ಮಾಡಿದ್ದು ನಾನು. ಬಾಗುಲಬುವಾ ಮಾತ್ರ ಅವಳ ಕೈಗೆ ಬಂತು. ಇದು ಯಾವ ನ್ಯಾಯ?

ಎರಡು ದಿನ ಬಿಟ್ಟು ಅಥಣಿಯಿಂದ ಒಬ್ಬರು ಬಂದರು. ಅಲ್ಲಿ ಹೊಸ ಗೇಮ್ ಅಂಗಡಿ ತೆರೆಯುವವರಿದ್ದರು. ಗೋಡೆ ನೋಡಿ ಅಲ್ಲೇ ನಿಂತುಬಿಟ್ಟರು. ಅಣ್ಣ ಇರಲಿಲ್ಲ. ವೈನಿ ಚಹಾ ತರಲು ಒಳಗೆ ಹೋಗಿದ್ದಳು.

"ಯಾರ ತಗದಾರ್ರಿ ಇದನ್ನ?"

"ನಾನೇ."

ಇಷ್ಟೇ ನೋಡಿ ಆ ಸುಳ್ಳು. ಗೋಡೆಗೆ ಮೊದಲು ಕೈ ಹಚ್ಚಿದವಳು ನಾನಲ್ಲವೇ, ಬಣ್ಣ ನನ್ನದಲ್ಲವೇ ಅಂತ ಒಳಗೆ ವಕೀಲಿಕೆಯೂ ನಡೆದಿತ್ತು. ಅವರು ನನ್ನನ್ನು ಅಥಣಿಗೆ ಕರೆದರು. ಹೂಂ ಅಂದೆ. ಮನೆಯಲ್ಲಿ ಸಾಲೆಯ ಕೆಲಸ ಅಂತ ಹೇಳಿ, ವೈನಿ ತೆಗೆದ ಚಿತ್ರವನ್ನು ಗೆರೆ ಗೆರೆ ಕಾಗದಕ್ಕೆ ಇಳಿಸಿಕೊಂಡು ರವಿವಾರ ಬಸ್ ಹತ್ತಿದೆ.

ಸಂಜೆವರೆಗೆ ಕೆಲಸ. ಅದೇ ಕೊಂಬು, ಅದೇ ಮಡಚಿದ ಕಾಲು, ಅದೇ ಚುಕ್ಕೆ. ಅಂಗಡಿಯವರು ಬಂದು ನೋಡಿದರು. ತಲೆ ಓರೆ ಮಾಡಿ ನೋಡಿದರು. ರಸ್ತೆ ದಾಟಿ ಅಲ್ಲಿಂದಲೂ ನೋಡಿದರು.

"ಮೇಡಮ್, ಎಲ್ಲಾ ಅದs ಐತ್ರಿ. ಆದ್ರ ಅಲ್ಲಿದು ಜಿಗಿಯಾಕ ಕುಂತಿತ್ತು. ಇದು ಬಸ್ಸಿಗೆ ಕಾಯಾಕತ್ತೈತಿ."

ಸಿಟ್ಟು ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ನನಗೂ ಹಾಗೇ ಕಂಡಿತ್ತು.

"ಅದನ್ನ ತಗದಾಕಿ ನಾ ಅಲ್ರಿ," ಅಂದೆ. "ನಮ್ಮ ವೈನಿ."

ಅವರು ಬೈಯಲಿಲ್ಲ. ಸುಮ್ಮನೆ ಅಂದರು: "ಹಂಗಾದ್ರ ಅವರನ್ನ ಕರ್ಕೊಂಡ ಬರ್ರಿ."

ಮನೆಗೆ ಬಂದಾಗ ವೈನಿ ಅಕ್ಕಿ ಆರಿಸುತ್ತಿದ್ದಳು. ಪಕ್ಕದಲ್ಲಿ ಕೂತೆ. ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಅಳುವೂ ಬಂತು. ವೈನಿ ಮೊರದಿಂದ ತಲೆ ಎತ್ತಲಿಲ್ಲ.

"ಗೊತ್ತೈತಿ. ಆವತ್ತ ಚಾ ಹಿಡಕೊಂಡ ಬಾಗಲದಾಗ ನಿಂತಿದ್ನಿ."

"ಮತ್ತ ಯಾಕ ಸುಮ್ಮ ಇದ್ರಿ?"

"ನೀ ದಿನಾ ಸೀರಿ ಇಸ್ತ್ರಿ ಮಾಡಿ ಬಸ್ ಹತ್ತತಿ. ಸಾಲ್ಯಾಗ ನಿನ್ನ ನೋಡಿ ಹುಡುಗೂರು ಎದ್ದ ನಿಲ್ಲತಾರ. ವಾರಕ್ಕೊಮ್ಮೆ ಪೇಪರಿನ್ಯಾಗ ನಿನ್ನ ಬರಹ, ನಿನ್ನ ಹೆಸರು. ನಾ ಈ ಮನಿಗೆ ಬಂದ ಹನ್ನೊಂದ ವರ್ಷ ಆತು ನಂದಾ. ಹನ್ನೊಂದ ವರ್ಷದಿಂದ ನಿನ್ನ ನೋಡಿ ಹೊಟ್ಟಿ ಉರ್ಕೊಂಡೀನಿ." ಒಂದು ಹರಳು ಆರಿಸಿ ಒಗೆದಳು. "ನಿಂದು ಇನ್ನಾ ಒಂದ ವಾರ ಆಗಿಲ್ಲ. ಅಷ್ಟಕ್ಕs ಅಳಾಕತ್ತಿ?"

ಸಮಾಧಾನ ಹೇಳಲೇ? ಕ್ಷಮೆ ಕೇಳಲೇ? ನಾನು ಹೋಗಿಬರುವ ಬಸ್ಸು, ನನಗೆ ಬೇಸರ ತರುವ ಆ ಧೂಳಿನ ಬಸ್ಸು, ಅವಳಿಗೆ ಹೀಗೆ ಕಾಣುತ್ತದೆ ಅಂತ ಒಂದು ದಿನವಾದರೂ ನನ್ನ ತಲೆಗೆ ಹೊಳೆದಿತ್ತೇ?

ಮುಂದಿನ ರವಿವಾರ ಇಬ್ಬರೂ ಅಥಣಿಗೆ ಹೋದೆವು. ವೈನಿ ಕಿಟಕಿಯ ಸೀಟು ಹಿಡಿದು ದಾರಿಯುದ್ದಕ್ಕೂ ಹೊರಗೆ ನೋಡಿದಳು. ಗೋಡೆಗೆ ಮತ್ತೆ ಸುಣ್ಣ ಬಿತ್ತು. ನಾನು ಏಣಿ ಹಿಡಿದೆ, ಬಣ್ಣ ಕಲೆಸಿದೆ. ಅವಳು ಈ ಸಲ ಅದನ್ನು ಬೇರೆ ಥರ ಕೂರಿಸಿದಳು. ಬೆನ್ನು ನಮ್ಮ ಕಡೆ, ಮುಖ ಅರ್ಧ ಹೊರಳಿಸಿ, ಒಂದೇ ಕಣ್ಣು. ನಿಪ್ಪಾಣಿಯದಕ್ಕಿಂತ ಮೇಲಾಯಿತು. ಅಂಗಡಿಯವರು ಕೈ ಜೋಡಿಸಿ "ಹೆಸರ ಬರೀರಿ ಬಾಯಾರ" ಅಂದರು. ವೈನಿ ಕೆಳಗೆ ಮೂಲೆಯಲ್ಲಿ, ಏಳನೇತ್ತೆಯ ದುಂಡು ಅಕ್ಷರದಲ್ಲಿ, ಸುಮನ್ ಅಂತ ಬರೆದಳು.

"ಚೊಲೋ ಆಗೇತಿ ವೈನಿ," ಅಂದೆ. ಖುಷಿಯಾಯಿತೇ? ಓದುಗರ ಮುಂದೆ ಇನ್ನೊಂದು ಸುಳ್ಳು ಯಾಕೆ? ಮತ್ತೆ ಉರಿಯಿತು. ಆದರೆ ಈ ಸಲ ಏಣಿ ಬಿಡಲಿಲ್ಲ.

ಇದನ್ನು ಪೇಪರಿಗೆ ಕಳಿಸುವ ಮೊದಲು ವೈನಿಗೆ ಓದಿ ಹೇಳಿದೆ. "ನಾ ಉರ್ಕೊಂಡಿದ್ದನ್ನೂ ಹಾಕು, ತಗೀಬ್ಯಾಡ" ಅಂದಳು. ಹಾಕಿದ್ದೇನೆ.

ಈಗ ನೀವು ಹೇಳಿ: ನಿಮ್ಮ ಮನೆಯಲ್ಲಿ ನಿಮ್ಮನ್ನು ನೋಡಿ ವರ್ಷಗಟ್ಟಲೆ ಒಳಗೊಳಗೇ ಉರಿಯುತ್ತಿರುವವರು ಯಾರು?