ಹೊಸ್ತಿಲ ಬಿಸಿಲಿಗೆ ಬಂದ ನವಿಲು

ಮಗಳು ಇವತ್ತು ಹೊಸ ಗ್ರಾಫಿಕ್ಸ್ ಕಾರ್ಡಿನ ಡಬ್ಬಿ ಬಿಚ್ಚಿದಳು. ಆ ಹೊಸ ಪ್ಲಾಸ್ಟಿಕ್ಕಿನ ವಾಸನೆಗೆ ಸೊಲ್ಲಾಪುರದ ನಮ್ಮ ಚಾದರದ ಅಂಗಡಿ ನೆನಪಾಯಿತು.

ಅಪ್ಪ ಯಾವ ನೂಲಿನ ಬಣ್ಣವನ್ನೂ ಒಳಗೆ ಕೂತು ಒಪ್ಪುತ್ತಿರಲಿಲ್ಲ. ಲಡಿಯನ್ನು ಹೊಸ್ತಿಲಿಗೆ ಒಯ್ದು ಬಿಸಿಲಿಗೆ ಹಿಡಿದೇ ನೋಡಬೇಕು. ಅಕ್ಕ ಆಗಷ್ಟೇ ಕಂಪ್ಯೂಟರ್ ಕಲಿತು ಚಾದರದ ಡಿಸೈನ್ ಮಾಡತೊಡಗಿದ್ದಳು. ಅವಳ ಡಿಸೈನಿನ ನವಿಲಿನ ಕತ್ತು ಮಾತ್ರ ಪರದೆಯ ಮೇಲೆ ಕೆಸರಿನಂತೆ ಕಾಣುತ್ತಿತ್ತು. ಕಂಪ್ಯೂಟರಿನವನು ಹೊಸ ಕಾರ್ಡು ತಂದು ಕೂರಿಸಿ, "ಪಸಂದ್ ಬಂದ್ರ ಇಟ್ಕೋರಿ" ಅಂದ. ಒಳಗಿನ ಮಬ್ಬಿನಲ್ಲಿ ಆ ಕತ್ತು ಒಮ್ಮೆಲೇ ನೀಲಿ ಹಸಿರಾಗಿ ಹೊಳೆಯಿತು.

"ಹೊರಗ ತರ್ರಿ, ಬೆಳಕಿನ್ಯಾಗ ನೋಡೂಣು" ಅಂದರು ಅಪ್ಪ.

ಮಾನಿಟರನ್ನು ಹೊಸ್ತಿಲಿಗೆ ಹೊತ್ತು ತಂದರು. ಪರದೆಗೆ ಬಿಸಿಲು ಬಿದ್ದದ್ದೇ ನವಿಲು ಬೂದಿ ಬಣ್ಣವಾಯಿತು.

"ಅಪ್ಪಾ, ಒಳಗಿಟ್ಟು ಬಾಗಲಾ ಮುಚ್ಚಿ ನೋಡ್ರಿ" ಅಂದಳು ಅಕ್ಕ.

"ದಂಧೇದ ಹೊತ್ತಿನ್ಯಾಗ ಬಾಗಲಾ ಮುಚ್ಚತಾರೇನ? ಫರಕ್ ಏನೂ ಇಲ್ಲ. ವಾಪಸ್ ಒಯ್ಯಪಾ."

ಕಾರ್ಡು ಹೋಯಿತು. ಅಕ್ಕ ಮತ್ತೆ ಆ ಕಂಪ್ಯೂಟರಿನ ಮುಂದೆ ಕೂರಲಿಲ್ಲ. ಅದರ ಮೇಲೆ ಚಾದರದ ಗಂಟುಗಳು ಬಂದು ಕೂತವು. ಅವಳು ಮದುವೆಯಾಗಿ ಅಕ್ಕಲಕೋಟೆಗೆ ಹೋದಳು. ನೂಲು ನೋಡುವ ಬೆಳಕೇ ಪರದೆಗೂ ಸರಿಯೆಂದುಕೊಂಡ ಅಪ್ಪನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಅಕ್ಕ ಇವತ್ತು ನಮ್ಮಲ್ಲೇ ಇದ್ದಾಳೆ. ಮಗಳು ಕಾರ್ಡು ಕೂರಿಸಿ ಅವಳನ್ನೇ ಕರೆದಳು: "ಅತ್ತಿ, ಭಾಳ ತುಟ್ಟಿ ಅದ. ಇಟ್ಕೊಳ್ಳೂದೋ, ವಾಪಸ್ ಮಾಡೂದೋ, ನೀನ ನೋಡಿ ಹೇಳು."

ಅಕ್ಕ ಪರದೆಯ ಕಡೆ ನೋಡಲೇ ಇಲ್ಲ. ಎದ್ದು ಹೋಗಿ ಮೊದಲು ಬಾಗಿಲು ಮುಚ್ಚಿ ಬಂದಳು.