ಎಡಗೊಂಬಿನ ಕವಲು

ನನ್ನ ಗಂಡ ವರ್ಲಿನ್ ಹಾಲಿನ ಲಾರಿ ಓಡಿಸುತ್ತಿದ್ದ. ನಮ್ಮ ಗುಡ್ಡಗಳ ನಡುವಿನ ಕೊಟ್ಟಿಗೆಗಳಿಗೆಲ್ಲ ಹೋಗಿ, ಹಾಲಿನ ತೊಟ್ಟಿಗೆ ಅಳತೆ ಕೋಲು ಇಳಿಸಿ, ಎಷ್ಟಿದೆ ಎಂದು ಬರೆದು, ಹಾಲನ್ನು ಲಾರಿಗೆ ತುಂಬಿಕೊಂಡು ಬರುವುದು ಅವನ ಕೆಲಸ. ಅವನು ಬರೆದಷ್ಟೇ ಹಾಲು. ರೈತನಿಗೆ ಅಷ್ಟಕ್ಕೇ ದುಡ್ಡು. ಆ ಅಳತೆ ತಪ್ಪು ಎಂದು ಒಂದು ದಿನವೂ ಒಬ್ಬನೂ ಅನ್ನಲಿಲ್ಲ.

ಕೊಂಬಿನ ವಿಷಯದಲ್ಲಿ ಮಾತ್ರ ಎಲ್ಲರೂ ಅಂದರು.

ವಿಸ್ಕಾನ್ಸಿನ್‌ನಲ್ಲಿ ನವೆಂಬರ್ ಬಂತೆಂದರೆ ಗಂಡಸರು ಕಿತ್ತಳೆ ಬಣ್ಣದ ಕೋಟು ಹಾಕಿಕೊಂಡು ಕಾಡು ಹೊಗುತ್ತಾರೆ. ಹೆಂಗಸರೂ ಹೋಗುತ್ತಾರೆ. ನಾನು ಹೋಗಲಿಲ್ಲ, ನನಗೆ ಚಳಿ ಆಗದು. ದೊಡ್ಡ ಕೊಂಬಿನ ಜಿಂಕೆ ಬಿದ್ದರೆ ಅದನ್ನು ಅಳೆಸಬೇಕು. ಕೊಂಬು ಕವಲುಗಳ ಉದ್ದ, ದಪ್ಪ, ನಡುವಿನ ಅಗಲ ಎಲ್ಲ ಕೂಡಿಸಿ ನೂರ ಎಪ್ಪತ್ತು ಇಂಚು ಮುಟ್ಟಿದರೆ ಹೊಡೆದವನ ಹೆಸರು ದಾಖಲೆಯ ದೊಡ್ಡ ಪುಸ್ತಕಕ್ಕೆ ಹೋಗುತ್ತದೆ. ಅಳೆಯುವವರು ಅದಕ್ಕೆಂದೇ ಕಲಿತು ಬಂದವರು. ಕೂಲಿ ಇಲ್ಲ. ವರ್ಲಿನ್ ಅವರಲ್ಲಿ ಒಬ್ಬ. ಅಳೆಯುತ್ತಿದ್ದದ್ದು ನಮ್ಮ ಅಡುಗೆಮನೆಯ ಮೇಜಿನ ಮೇಲೆ.

ಹೊಡೆದ ತಕ್ಷಣ ಅಳೆಯುವ ಹಾಗಿಲ್ಲ. ಎರಡು ತಿಂಗಳು ಒಣಗಬೇಕು. ಹಸಿ ಕೊಂಬು ಒಣಗಿದಾಗ ಕುಗ್ಗುತ್ತದೆ. ಕುಗ್ಗದಿರಲಿ ಎಂದು ಕೆಲವರು ಎರಡು ಕೊಂಬಿನ ನಡುವೆ ಕೋಲು ಸಿಕ್ಕಿಸಿ ಒಣಗಿಸುತ್ತಿದ್ದರು. ಕೋಲು ಒತ್ತಿದ ಗುರುತು ಕಂಡರೆ ವರ್ಲಿನ್ ಅಳೆಯುತ್ತಲೇ ಇರಲಿಲ್ಲ. ತಲೆಬುರುಡೆಯನ್ನು ಬಂದ ಕಂಬಳಿಯಲ್ಲೇ ಸುತ್ತಿ ವಾಪಸು ಕೊಡುತ್ತಿದ್ದ.

ಜನವರಿ ಕೊನೆಗೆ ನಮ್ಮ ಅಂಗಳದಲ್ಲಿ ಗಾಡಿಗಳು ನಿಲ್ಲುತ್ತಿದ್ದವು. ಬಂದವರಿಗೆ ನಾನು ಮೊದಲೇ ಆಪಲ್ ಪೈ ಕೊಟ್ಟುಬಿಡುತ್ತಿದ್ದೆ. ಅಂಕಿ ಹೇಳಿದ ಮೇಲೆ ಯಾರಿಗೂ ತಿನ್ನಲು ಮನಸ್ಸಿರುತ್ತಿರಲಿಲ್ಲ. ಇದನ್ನು ಮೊದಲ ವರ್ಷವೇ ಕಲಿತೆ, ಒಂದಿಡೀ ಪೈ ಹಂದಿಗೆ ಹಾಕಿದ ಮೇಲೆ. ಹೆಂಡತಿ, ಬಾಮೈದ, ಬಾರಿನವನು ಎಲ್ಲ ಸೇರಿ ನೂರ ಎಂಬತ್ತು ಎಂದ ಜಿಂಕೆ ನಮ್ಮ ಮೇಜಿನ ಮೇಲೆ ನೂರ ಐವತ್ತಾಗುತ್ತಿತ್ತು. ಎಡಗೊಂಬೂ ಬಲಗೊಂಬೂ ಒಂದೇ ತರ ಇರಬೇಕು. ಇಲ್ಲದಿದ್ದರೆ ವ್ಯತ್ಯಾಸ ಕಳೆಯಬೇಕು. ದೇವರು ಯಾವ ಜಿಂಕೆಗೂ ಎರಡು ಕಡೆ ಒಂದೇ ತರ ಕೊಡುವುದಿಲ್ಲ.

ಹೆಚ್ಚಿನ ಜಗಳ ಕವಲಿನದು. ತಲೆಯಿಂದ ಬಾಗಿ ಮುಂದಕ್ಕೆ ಹೋಗುವ ದಪ್ಪ ಕೊಂಬು ಇದೆಯಲ್ಲ, ಅದನ್ನು ತಾಯಿ ಎಂದುಕೊಳ್ಳಿ. ಅದರಿಂದ ಮೇಲಕ್ಕೆ ಎದ್ದ ಕವಲುಗಳು ಮಕ್ಕಳು. ಅವುಗಳ ಉದ್ದ ಲೆಕ್ಕಕ್ಕೆ ಸೇರುತ್ತದೆ. ಒಂದು ಕವಲಿನ ಪಕ್ಕದಿಂದ ಇನ್ನೊಂದು ಕವಲು ಹುಟ್ಟಿದರೆ ಅದು ಮೊಮ್ಮಗು. ಮೊಮ್ಮಗು ಲೆಕ್ಕಕ್ಕಿಲ್ಲ. ಅಷ್ಟೇ ಅಲ್ಲ, ಅದರ ಉದ್ದವನ್ನು ಒಟ್ಟಿನಿಂದ ಕಳೆಯಬೇಕು. ಕೆಲವು ಕವಲುಗಳ ಬುಡ ತಾಯಿಯಲ್ಲಿದೆಯೋ ಮಗುವಿನಲ್ಲಿದೆಯೋ ಹೇಳುವುದು ಕಷ್ಟ. ಅಲ್ಲಿ ವರ್ಲಿನ್ ಕಣ್ಣು ಮುಚ್ಚಿ ಹೆಬ್ಬೆರಳು ಇಟ್ಟು ನೋಡುತ್ತಿದ್ದ. ಆಮೇಲೆ ಅಂಕಿ ಹೇಳುತ್ತಿದ್ದ.

ಗೇಲನ್ ಅವನ ಗೆಳೆಯ. ಗುಡ್ಡದ ಆಚೆ ಹಸು ಕಟ್ಟಿದವನು. ಹುಡುಗರಾಗಿದ್ದಾಗಿನಿಂದ ಇಬ್ಬರೂ ಒಂದೇ ಕಣಿವೆಯಲ್ಲಿ ಕಾದು ಕೂರುತ್ತಿದ್ದರು. ಶನಿವಾರ ನಮ್ಮ ಮನೆಯಲ್ಲಿ ಇಸ್ಪೀಟು. ನಮ್ಮ ಕಿರಿಮಗಳು ಶಾಲೆ ಮುಗಿಸಿದ ವರ್ಷ ಗೇಲನ್ ಒಂದು ಜಿಂಕೆ ಹೊಡೆದ. ಅಂಥದ್ದನ್ನು ನಾನು ನೋಡಿರಲಿಲ್ಲ. ಒಣಗಿಸಿ ತಂದ. ಎರಡು ತುಂಡು ಪೈ ತಿಂದ. ವರ್ಲಿನ್ ಎಲ್ಲ ಅಳೆದು ಕೊನೆಗೆ ಒಂದು ಕವಲಿನ ಬುಡದಲ್ಲಿ ಬೆರಳಿಟ್ಟ. ಬಹಳ ಹೊತ್ತು ಇಟ್ಟ.

"ಇದು ತಾಯಿಂದ ಬಂದಿಲ್ಲ ಗೇಲನ್. ಪಕ್ಕದ ಕವಲಿನ ಸೊಂಟದಿಂದ ಬಂದಿದೆ."

"ಕಣ್ಣು ಸರಿ ಇದ್ಯೇನೋ ನಿಂಗೆ? ಬುಡ ಎಲ್ಲಿದೆ ನೋಡು!"

"ನೋಡ್ದೆ. ಮೊಮ್ಮಗು ಇದು. ಲೆಕ್ಕಕ್ಕಿಲ್ಲ."

"ಮೊಮ್ಮಗು ಲೆಕ್ಕಕ್ಕಿಲ್ವಂತೆ! ನಮ್ಮಜ್ಜಿ ಕೇಳಿದ್ರೆ ಪೊರಕೆ ತಗೊಂಡು ಬರ್ತಿದ್ಳು ನಿನ್ನ ಮೇಲೆ."

ವರ್ಲಿನ್ ನಗಲಿಲ್ಲ. "ಪುಸ್ತಕದವರಿಗೆ ಫೋಟೋ ಕಳ್ಸು. ಅವರು ತಾಯಿಂದು ಅಂದ್ರೆ ನಾನೇ ತಿದ್ದಿ ಬರೀತೀನಿ."

"ಅವರ್ಯಾರೋ ಹೇಳಿದ್ರೆ ನಂಗೇನು? ನೀನು ಹೇಳ್ಬೇಕು."

"ಹೇಳಿದ್ನಲ್ಲ."

ಗೇಲನ್ ತಲೆಬುರುಡೆ ಎತ್ತಿಕೊಂಡು ಹೋದ. ಕಂಬಳಿ ಇಲ್ಲೇ ಉಳಿಯಿತು.

ಆಮೇಲೆ ಇಸ್ಪೀಟು ನಿಂತಿತು. ಬೇಟೆಗೆ ಒಬ್ಬ ಕಣಿವೆಯ ಈ ತುದಿ, ಒಬ್ಬ ಆ ತುದಿ. ದಿನ ಬಿಟ್ಟು ದಿನ ವರ್ಲಿನ್ ಗೇಲನ್‌ನ ಕೊಟ್ಟಿಗೆಗೆ ಹೋಗಲೇಬೇಕು, ಹಾಲು ತರಬೇಕಲ್ಲ. ಕೋಲು ಇಳಿಸುತ್ತಿದ್ದ, ಬರೆಯುತ್ತಿದ್ದ. ಗೇಲನ್ ಆ ಅಂಕಿಗೆ ತಕರಾರು ಮಾಡಲಿಲ್ಲ. ಮಾತೂ ಆಡಲಿಲ್ಲ. ಎರಡು ವರ್ಷದ ಮೇಲೆ ತಾನೂ ಹೋಗಿ ಅಳೆಯುವುದನ್ನು ಕಲಿತು ಬಂದ. ವರ್ಲಿನ್ ತಪ್ಪು ಎಂದು ತೋರಿಸಲಿಕ್ಕೆ ಎಂದು ಬಾರಿನಲ್ಲಿ ಎಲ್ಲರೂ ನಕ್ಕರು. ನಿಜವೂ ಹೌದು. ಆದರೆ ಚೆನ್ನಾಗಿ ಅಳೆಯುತ್ತಾನೆ ಎಂದು ವರ್ಲಿನ್ನೇ ಹೇಳುತ್ತಿದ್ದ.

ಊರಿನವರ ಹೆಸರುಗಳನ್ನು ಪುಸ್ತಕಕ್ಕೆ ಕಳಿಸಿದ್ದು ವರ್ಲಿನ್. ಅವನದೇ ಹೆಸರು ಅದರಲ್ಲಿ ಇಲ್ಲ. ಅವನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೊಸ ಪುಸ್ತಕ ಬಂದಾಗ ನಮ್ಮ ಜಿಲ್ಲೆಯ ಪುಟ ತೆಗೆದು, ಬೆರಳಿಟ್ಟು ಕೆಳಗಿನ ತನಕ ಓದುತ್ತಿದ್ದ. ಅಷ್ಟೇ.

ಹೋದ ನವೆಂಬರ್‌ನಲ್ಲಿ ಅವನಿಗೂ ಅಂಥ ಒಂದು ಜಿಂಕೆ ಸಿಕ್ಕಿತು.

ಷೆಡ್ಡಿನಲ್ಲಿ ಚರ್ಮ ಬಿಡಿಸಿ, ಮಾಂಸ ತೂಗುಹಾಕಿ, ಬುರುಡೆ ತೊಳೆದು ಅಡುಗೆಮನೆಗೆ ತಂದ. ಮೇಜಿನ ಮೇಲೆ ಇಟ್ಟ. ಟೇಪು ಮುಟ್ಟಲಿಲ್ಲ. ತಾನು ಹೊಡೆದದ್ದನ್ನು ತಾನೇ ಅಳೆಯುವ ಹಾಗಿಲ್ಲ. ಸುಮ್ಮನೆ ನಿಂತು ನೋಡಿದ. ಎಡಗೊಂಬಿನ ಮೇಲೆ ಬೆರಳು ಓಡಿಸಿದ. ಒಂದು ಕಡೆ ಬೆರಳು ನಿಂತಿತು. ನಕ್ಕ.

"ಆರ್ಡಿಸ್, ಇದನ್ನ ಗೇಲನ್ ನೋಡ್ಬೇಕು."

"ಫೋನ್ ಮಾಡು ಹಾಗಾದ್ರೆ."

"ಒಣಗ್ಲಿ. ಒಣಗಿದ್ಮೇಲೆ ಅವನೇ ಬಂದು ಅಳೀಲಿ."

ಖುಷಿಗೆ ನಕ್ಕ ಎಂದುಕೊಂಡೆ. ಕಡೆಗೂ ಪುಸ್ತಕ ಸೇರುತ್ತೇನೆ ಎಂದು, ಅದನ್ನು ಗೇಲನ್ ಕೈಯಲ್ಲೇ ಬರೆಸುತ್ತೇನೆ ಎಂದು. ಹಿಂದಿನ ಕೋಣೆಯ ಮೊಳೆಗೆ ತೂಗುಹಾಕಿದ.

ಜನವರಿಯಲ್ಲಿ ಛಾವಣಿಯ ಹಿಮ ಎಳೆದುಹಾಕುತ್ತಿದ್ದ. ಕಾಫಿ ಮಾಡು ಎಂದ. ಮೆಟ್ಟಿಲ ಮೇಲೆ ಕೂತ. ಕಾಫಿ ತಂದೆ. ಏಳಲಿಲ್ಲ. ಇದಕ್ಕಿಂತ ಹೆಚ್ಚು ಹೇಳಲು ನನ್ನಿಂದ ಆಗುವುದಿಲ್ಲ.

ಮಣ್ಣಾದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಹ್ಯಾಮ್ ಸ್ಯಾಂಡ್‌ವಿಚ್, ಆಲೂಗಡ್ಡೆ. ಗೇಲನ್ ಗೋಡೆಗೆ ಒರಗಿ ನಿಂತಿದ್ದ. ಎಲ್ಲರೂ ಹೋದ ಮೇಲೆ ಹತ್ತಿರ ಬಂದ. ಟೋಪಿ ಕೈಯಲ್ಲಿ.

"ಒಂದು ತಲೆ ತೂಗ್ಹಾಕಿದಾನಂತೆ."

"ಹೌದು."

"ಒಣಗಿದ್ಮೇಲೆ ಬರ್ತೀನಿ. ನೀನು ಒಪ್ಪಿದ್ರೆ."

"ಅವನೇ ಹೇಳಿದ್ದ, ನೀನೇ ಅಳೀಬೇಕು ಅಂತ."

ಗೇಲನ್ ಟೋಪಿ ಹಾಕಿಕೊಂಡ, ತೆಗೆದ, ಮತ್ತೆ ಹಾಕಿಕೊಂಡ, ಹೋದ.

ನನಗೆ ಆ ಹೆಸರು ಪುಸ್ತಕದಲ್ಲಿ ಬೇಕಿತ್ತು. ಮುಚ್ಚುಮರೆ ಏಕೆ? ಹಾಸಿಗೆಯಲ್ಲಿ ಅವನ ಕಡೆ ಖಾಲಿ. ಬೂಟು ಬಾಗಿಲ ಹತ್ತಿರ ಖಾಲಿ. ಎಲ್ಲಾದರೂ ಒಂದು ಕಡೆ ವರ್ಲಿನ್ ಎಂದು ಅಚ್ಚಾಗಿ ಇರಲಿ, ನಾನು ಬೆರಳಿಟ್ಟು ಓದುವ ಹಾಗೆ ಇರಲಿ ಎನ್ನಿಸುತ್ತಿತ್ತು. ದಿನಾ ಹಿಂದಿನ ಕೋಣೆಗೆ ಹೋಗಿ ಅದನ್ನು ನೋಡಿ ಬರುತ್ತಿದ್ದೆ.

ಗೇಲನ್ ಬಂದ ದಿನ ಪೈ ಮಾಡಿದ್ದೆ. ಬಂದವನೇ, "ಪೈ ಆಮೇಲೆ" ಎಂದ. ಆಮೇಲೆ ಎಂದವರು ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಇರಲಿಲ್ಲ.

ಅಳೆದ. ವರ್ಲಿನ್ ಕೂರುತ್ತಿದ್ದ ಕುರ್ಚಿಯಲ್ಲಿ ಕೂರಲಿಲ್ಲ, ನಿಂತೇ ಅಳೆದ. ಬಲಗೊಂಬು ಮುಗಿಯಿತು. ಎಡಗೊಂಬಿನ ಅರ್ಧಕ್ಕೆ ಬಂದಾಗ ಟೇಪು ಕೆಳಗಿಟ್ಟ. ಕಣ್ಣು ಮುಚ್ಚಿ ಹೆಬ್ಬೆರಳಿಟ್ಟ. ಅದೇ ಜಾಗ. ವರ್ಲಿನ್ ಬೆರಳು ನಿಂತ ಜಾಗ.

"ಏನು?" ಎಂದೆ.

"ಬಾ, ಮುಟ್ಟಿ ನೋಡು."

ಮುಟ್ಟಿದೆ. ಒಂದು ಕವಲಿನ ಬುಡಕ್ಕೆ ಅಂಟಿಕೊಂಡು ಇನ್ನೊಂದು ಕವಲು. ನಡುವೆ ಸಣ್ಣ ತಗ್ಗು.

"ನನ್ನ ಜಿಂಕೆದೂ ಹೀಗೇ ಇತ್ತು," ಗೇಲನ್ ಎಂದ. "ಥೇಟ್ ಹೀಗೇ."

ನಾನು ಕುರ್ಚಿ ಎಳೆದುಕೊಂಡು ಕೂತೆ. "ಮೊಮ್ಮಗುನಾ?"

"ಅಲ್ಲ. ತಾಯಿಂದೇ. ಆವತ್ತೂ ತಾಯಿಂದು ಅಂದೆ, ಇವತ್ತೂ ಅದೇ ಅಂತೀನಿ. ನೂರ ಎಪ್ಪತ್ತು ದಾಟುತ್ತೆ. ಪುಸ್ತಕಕ್ಕೆ ಹೋಗುತ್ತೆ ಆರ್ಡಿಸ್. ನೀನು ಇಲ್ಲಿ ಸಹಿ ಹಾಕು."

"ಮೊಮ್ಮಗು ಆದ್ರೆ?"

"ಹೋಗಲ್ಲ."

"ತಾಯಿಂದು ಅಂತ ಬರೆದ್ರೆ, ನಿಂದೂ ತಾಯಿಂದೇ ಆಗುತ್ತಲ್ಲ?"

"ಆಗುತ್ತೆ."

"ಅಂದ್ರೆ ವರ್ಲಿನ್ ಆವತ್ತು ಹೇಳಿದ್ದು ತಪ್ಪು."

ಗೇಲನ್ ಕಿಟಕಿ ನೋಡಿದ. "ತಪ್ಪು ಅಂತ ಇಷ್ಟು ವರ್ಷದಿಂದ ಹೇಳ್ತಾನೇ ಇದೀನಲ್ಲ. ಸೇಡಿಗೆ ಹೇಳ್ತಿಲ್ಲ ಕಣೇ. ನನ್ನ ಬೆರಳಿಗೆ ಹಾಗೇ ಕಾಣುತ್ತೆ."

ಸುಳ್ಳು ಹೇಳುತ್ತಿರಲಿಲ್ಲ. ಅವನ ಮುಖ ನನಗೆ ಗೊತ್ತು. ಅದೇ ಕಷ್ಟವಾದದ್ದು. ಮೋಸ ಮಾಡುತ್ತಿದ್ದರೆ ಪೊರಕೆ ತೋರಿಸಿ ಓಡಿಸಬಹುದಿತ್ತು. ಪೆನ್ನು ಮುಂದೆ ಇತ್ತು. ಸಹಿ ಹಾಕಿದರೆ ಗಂಡನ ಹೆಸರು ಸಿಗುತ್ತದೆ, ಗಂಡನ ಮಾತು ಹೋಗುತ್ತದೆ. ಪೆನ್ನು ಎತ್ತಿಕೊಂಡೆ. ಎತ್ತಿಕೊಂಡಾಗ ಆ ನಗು ನೆನಪಾಯಿತು.

"ತಂದ ದಿನ ಇಲ್ಲೇ ಬೆರಳಿಟ್ಟ ಅವನು," ಎಂದೆ. "ಇಟ್ಟು ನಕ್ಕ. ಗೇಲನ್ ನೋಡ್ಬೇಕು ಇದನ್ನ ಅಂದ."

ಗೇಲನ್ ತಿರುಗಿದ. "ನಕ್ನಾ?"

"ನಕ್ಕ."

"ಹೇಗೆ ನಕ್ಕ?"

"ಹೇಗೆ ಅಂದ್ರೆ?"

"ಬಾಯಿ ತೆಗೆದು ನಕ್ನಾ, ಮೂಗಲ್ಲಿ ನಕ್ನಾ?"

ನೆನಪು ಮಾಡಿಕೊಂಡೆ. "ಮೂಗಲ್ಲಿ. ಉಸಿರು ಬಿಟ್ಟ ಹಾಗೆ."

ಗೇಲನ್ ವರ್ಲಿನ್‌ನ ಕುರ್ಚಿಯಲ್ಲೇ ಕೂತುಬಿಟ್ಟ. "ಇಸ್ಪೀಟಲ್ಲಿ ಸೋತಾಗ ಹಾಗೆ ನಗ್ತಿದ್ದ. ಗೆದ್ರೆ ಮೇಜು ಗುದ್ದೋನು. ಸೋತ್ರೆ ಮೂಗಲ್ಲಿ."

ನಾನು ಪೆನ್ನು ಕೆಳಗಿಟ್ಟೆ. ನನಗೂ ಅರ್ಥವಾಯಿತು. ಅವನು ಆವತ್ತೇ ತನ್ನ ಜಿಂಕೆಗೆ ತೀರ್ಪು ಹೇಳಿಬಿಟ್ಟಿದ್ದ. ಗೆಳೆಯನಿಗೆ ಹೇಳಿದ್ದನ್ನೇ ತನಗೂ ಹೇಳಿಕೊಂಡು, ಅವನನ್ನು ಕರೆದು ತೋರಿಸಿ ನಗಲು ಕಾದಿದ್ದ. ಎರಡು ತಿಂಗಳು ಒಣಗಬೇಕಿತ್ತು. ಅಷ್ಟು ದಿನ ಅವನು ಇರಲಿಲ್ಲ.

"ಈಗ ಏನು ಬರೀಲಿ?" ಗೇಲನ್ ಕೇಳಿದ.

"ಅವನು ಹೇಳಿದ್ದನ್ನ ಬರಿ."

"ನಾನು ಅವನು ತಪ್ಪು ಅಂತ್ಲೇ ಅನ್ನೋದು."

"ಅನ್ನು. ಬಾರಲ್ಲಿ ಅನ್ನು, ಚರ್ಚಲ್ಲಿ ಅನ್ನು. ಅವನ ಜಿಂಕೆ ಮೇಲೆ ಅನ್ಬೇಡ."

"ಪುಸ್ತಕ?"

"ಬೇಕಿತ್ತು," ಎಂದೆ. "ಬೇಡ."

ಪೆನ್ನು ಅವನ ಕಡೆ ತಳ್ಳಿದೆ. ಅವನು ಬರೆಯಲೂ ಇಲ್ಲ. ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡ. ಪೈ ಕೊಟ್ಟೆ. ತಿಂದ. ಎರಡನೆಯ ತುಂಡನ್ನು ಕೇಳಿ ಹಾಕಿಸಿಕೊಂಡ. ಹೋಗುವಾಗ ಅವನ ಹಳೆಯ ಕಂಬಳಿ ಕೊಟ್ಟೆ. ಒಗೆದು ಇಟ್ಟಿದ್ದೆ, ಆ ವರ್ಷದಿಂದ.

ನೆಲ ಸಡಿಲವಾದ ಮೇಲೆ ಸಮಾಧಿಗೆ ಕಲ್ಲು ಹೇಳಲು ಹೋದೆ. ನಮ್ಮ ಕಡೆ ಬೇಟೆಯವರ ಕಲ್ಲಿನ ಮೇಲೆ ಜಿಂಕೆ ಕೆತ್ತಿಸುತ್ತಾರೆ. ಕೆತ್ತುವವನು ಚಿತ್ರ ತೋರಿಸಿದ. ಎರಡೂ ಕೊಂಬು ಕನ್ನಡಿಯಲ್ಲಿ ನೋಡಿದ ಹಾಗೆ ಒಂದೇ ತರ.

"ಇದಲ್ಲ. ಎಡಗಡೆ ಈ ಕವಲಿನ ಪಕ್ಕದಿಂದ ಇನ್ನೊಂದು ಬರ್ಬೇಕು."

"ಮೇಡಂ, ಹಾಗೆ ಮಾಡಿದ್ರೆ ನೋಡೋರು ನಾನು ತಪ್ಪು ಕೆತ್ತಿದೀನಿ ಅಂತಾರೆ."

"ಅನ್ಲಿ. ಕೆತ್ತು."

ಕೆತ್ತಿದ. ಕಲ್ಲು ನಿಲ್ಲಿಸಿದ ವಾರ ನಾನು ಹೂವಿನ ಗಿಡ ನೆಡಲು ಹೋಗಿದ್ದೆ. ಗೇಲನ್ ಬಂದ. ಮೊಣಕಾಲು ನೋವು, ಆದರೂ ಕಲ್ಲಿನ ಮುಂದೆ ಬಗ್ಗಿದ. ಕನ್ನಡಕ ಹಾಕಿಕೊಂಡ. ಕಣ್ಣು ಮುಚ್ಚಿ ಕವಲಿನ ಬುಡದಲ್ಲಿ ಹೆಬ್ಬೆರಳಿಟ್ಟ.

"ಆರ್ಡಿಸ್, ಆ ಕಲ್ಲಿನವನು ಸ್ವಲ್ಪ ಕೆಳಗೆ ಕೆತ್ತಿದಾನೆ. ಇದು ತಾಯಿಂದ ಬಂದ ಹಾಗಿದೆ."

"ನಂಗೆ ಹೇಳ್ಬೇಡ," ಎಂದೆ. "ವರ್ಲಿನ್‌ಗೆ ಹೇಳು. ಇಲ್ಲೇ ಇದಾನೆ."

ನಾನು ನೀರು ತರಲು ನಲ್ಲಿಯ ಹತ್ತಿರ ಹೋದೆ. ತಿರುಗಿ ಬರುವಾಗ ಗೇಲನ್ ಇನ್ನೂ ಬಗ್ಗಿಕೊಂಡೇ ಇದ್ದ, ಕಲ್ಲಿನ ಜೊತೆ ಏನೋ ವಾದ ಮಾಡುತ್ತಿದ್ದ.