ಟ್ಯಾಂಕಿನ ಕಿಂಡಿಯಲ್ಲಿ ಇಂದ್ರಾಬಾಯಿ

ಚೆಂಬೂರಿನಾಚೆ, ಸಮುದ್ರದ ಕಡೆಗಿರುವ ಆ ರಿಫೈನರಿಯ ಗೇಟು ಈವರೆಗೆ ಮೂರು ಬೋರ್ಡು ಕಂಡಿದೆ. ಮೊದಲನೆಯದು ವಿದೇಶಿ ಕಂಪನಿಯದು. ಯಾದಗಿರಿ ಕಡೆಯಿಂದ ಬಂದ ಮರೆಪ್ಪ ಆಗ ಪೈಪು ಹೂಳಲು ನೆಲ ಅಗೆದ. ಆಮೇಲೆ ಸರಕಾರ ವಹಿಸಿಕೊಂಡಿತು; ಆ ಕಾಲದಲ್ಲಿ ಮರೆಪ್ಪನ ಮಗಳು ಇಂದ್ರಾಬಾಯಿ ಗುತ್ತಿಗೆ ಕೆಲಸಕ್ಕೆ ಸೇರಿದಳು. ಈಗ ಅದು ಖಾಸಗಿಯವರ ಪಾಲಾಗಿದೆ. ಮೂವರು ಒಡೆಯರೂ ಕಚ್ಚಾತೈಲ ಕಾಯಿಸಿ ಪೆಟ್ರೋಲು, ಡೀಸೆಲು, ಡಾಂಬರು ತೆಗೆದರು. ಅಪ್ಪ ಮಗಳು ಮಾತ್ರ ಯಾರ ಕಾಲದಲ್ಲೂ ಕಾಯಂ ಆಗಲಿಲ್ಲ. ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ.

ಅವಳ ಕೆಲಸ ಕೂರುವುದು. ನಗಬೇಡಿ. ಖಾಲಿ ಮಾಡಿದ ಟ್ಯಾಂಕಿನ ತಳದ ರಾಡಿ ಬಾಚಲು ಆಳುಗಳು ಒಂದು ಕಿಂಡಿಯಿಂದ ಒಳಗೆ ನುಸುಳುತ್ತಾರೆ. ಹೋಗುವ ಮುಂಚೆ ತಮ್ಮ ಹೆಸರಿನ ಬಿಲ್ಲೆಯನ್ನು ಹೊರಗಿನ ಹಲಗೆಗೆ ನೇತುಹಾಕುತ್ತಾರೆ, ಬಂದಮೇಲೆ ತೆಗೆದುಕೊಳ್ಳುತ್ತಾರೆ. ಒಳಗೆ ಗಾಳಿ ಕೆಟ್ಟರೆ ಕೂಗುವಷ್ಟೂ ಹೊತ್ತು ಸಿಗದು. ಅದಕ್ಕೇ ಕಿಂಡಿಗೊಂದು ಕಾವಲು. ಹದಿನೆಂಟು ವರ್ಷದಿಂದ ಆ ಕಾವಲು ಇಂದ್ರಾಬಾಯಿಯದು. ಟ್ಯಾಂಕಿನ ಆಚೆ ಬದಿಗೆ ಇನ್ನೊಂದು ಕಿಂಡಿಯೂ ಇದೆ, ಅದಕ್ಕೆ ಕಾವಲಿಲ್ಲ.

ಅವತ್ತು ಹೊಸ ಮಾಲೀಕರು ನೋಡಲು ಬರುವವರಿದ್ದರು. ಗುತ್ತಿಗೆದಾರನ ಸೂಪರ್‌ವೈಸರ್ ಧನರಾಜ್, ಮಂಗಳೂರು ಕಡೆಯವನು, ಏದುಸಿರು ಬಿಡುತ್ತಾ ಬಂದ. ಅವರು ಬರುವಷ್ಟರಲ್ಲಿ ಕಿಂಡಿಗೆ ಮುಚ್ಚಳ ಹಾಕಿ ಬೋಲ್ಟು ಬಿಗಿಯಬೇಕಿತ್ತು. ಐವರಲ್ಲಿ ನಾಲ್ವರು ಹೊರಬಂದಿದ್ದರು. ಹಲಗೆಯ ಮೇಲೆ ಅನಿಲನ ಬಿಲ್ಲೆ ಹಾಗೇ ಇತ್ತು.

"ಅವ ಆಚೆ ಕಿಂಡಿಯಿಂದ ಚಾ ಕುಡೀಲಿಕ್ಕೆ ಹೋಗಿರ್ತಾನೆ ಮಾರಾಯ್ತಿ. ನೀನು ಏಳು."

"ಅಂವನ ಮಾರಿ ನೋಡೂತನಕ ನಾ ಏಳಂಗಿಲ್ರಿ ಸಾಹೇಬ್ರ."

"ನಾನು ಕೂಗಿ ನೋಡಿದೆ. ಒಳಗೆ ಯಾರೂ ಇಲ್ಲ."

"ಎಚ್ಚರ ತಪ್ಪಿದಾಂವ ಹ್ಯಾಂಗ ಓ ಅಂತಾನ್ರಿ?"

"ಧಣಿಗಳು ಬರ್ತಿದ್ದಾರೆ, ಗೊತ್ತುಂಟಾ?"

"ಧಣಿ ಬರ್ತಾರ, ಹೋಗ್ತಾರ. ಒಳಗ ಹೋದಾಂವ ಹೊರಗ ಬರಬೇಕು."

ಅಷ್ಟಂದು ಎರಡೂ ಕಾಲನ್ನು ಕಿಂಡಿಯೊಳಗೆ ಇಳಿಬಿಟ್ಟು ಕೂತಳು. ಸ್ಪ್ಯಾನರ್ ಹಿಡಿದವರು ನಿಂತೇ ಇದ್ದರು. ಹೊಸ ಮಾಲೀಕರ ತಂಡ ಬಂತು, ಅವಳನ್ನೊಮ್ಮೆ ನೋಡಿತು, ಮುಂದಕ್ಕೆ ಹೋಯಿತು. ಧನರಾಜನ ಮುಖ ಇಂಗು ತಿಂದ ಮಂಗನಂತಾಯಿತು.

ಅಷ್ಟೊತ್ತಿಗೆ ಅನಿಲ ಕ್ಯಾಂಟೀನಿನ ಕಡೆಯಿಂದ ಬಾಯೊರೆಸಿಕೊಳ್ಳುತ್ತಾ ಬಂದ. "ಸಾರಿ ಮೌಶಿ, ಬಿಲ್ಲೆ ತಗೊಳ್ಳೋದು ಭೂಲ್ ಗಯಾ, ಮರ್ತೇಹೋಯ್ತು." ಚಿಕ್ಕಮ್ಮನನ್ನು ಕರೆಯುವ ಹಾಗೆ ಆಳುಗಳೆಲ್ಲ ಅವಳನ್ನು ಮೌಶಿ ಎನ್ನುತ್ತಿದ್ದರು.

ಇಂದ್ರಾಬಾಯಿ ಎದ್ದು ಅವನ ಕೆನ್ನೆಗೆ ಒಂದು ಬಿಟ್ಟಳು. ಎಲ್ಲರೂ ನಕ್ಕರು. ಧನರಾಜ್ ಅವಳ ಗೇಟ್ ಪಾಸು ಕಿತ್ತುಕೊಂಡು, ನಾಳೆಯಿಂದ ಬರಬೇಡ ಎಂದ.

"ಅಂವ ಒಳಗ ಇದ್ದಿದ್ರ?" ಎಂದು ಕೇಳಿದಳು.

ಮರುದಿನ ಪಕ್ಕದ ಟ್ಯಾಂಕಿಗೆ ಹೊಸ ಕಾವಲುಗಾರ ಬಂದ. ಐವರೂ ಬಿಲ್ಲೆ ಮುಷ್ಟಿಯಲ್ಲಿ ಹಿಡಿದು ನೆಲಕ್ಕೆ ಕೂತರು. ಎಲ್ಲರಿಗಿಂತ ಮುಂದೆ ಅನಿಲ. "ಮೌಶಿ ಕೂತ್ರೇನೇ ನಾವು ಅಂದರ್ ಹೋಗೂದು."

ಹತ್ತು ಗಂಟೆಗೆ ಧನರಾಜ್ ಪಾಸು ಹಿಡಿದು ಚಾಳಿನ ಸಾಲುಮನೆಯಲ್ಲಿ ಅವಳ ಬಾಗಿಲಿಗೆ ಬಂದ. ಅವಳು ಪಾತ್ರೆ ತಿಕ್ಕುತ್ತಿದ್ದಳು, ಎದ್ದು ನಿಲ್ಲಲಿಲ್ಲ.

"ಆಚೆ ಕಿಂಡಿಗೂ ಒಬ್ಬರನ್ನ ಕೂಡ್ಸ್ರಿ. ಕೂಡ್ಸಿದ ಮ್ಯಾಲ ಕರೀರಿ, ಬರ್ತೀನಿ."